ಎರಡೂವರೆ ಮನೆ ಹಾರ್ನು

ಅಣ್ಣನ ಮಗಳು ನಮ್ಮ ಜಗಲಿಯ ಮೇಲೆ ಕೂತು, ಆ ಹಿತ್ತಾಳೆ ವಾದ್ಯವನ್ನು ಬಸ್ಸಿನ ಸ್ಟೀರಿಂಗ್ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ, ಒಂದು ಗಿಡ್ಡ ಕೊಳವೆಯನ್ನು ಎಳೆದು ಗುಲಾಬಿ ಗಿಡದ ಬುಡಕ್ಕೆ ನಾಲ್ಕು ಹನಿ ನೀರು ಬಿಟ್ಟಳು. ಎದುರುಮನೆ ಹಾರ್ಮೋನಿಯಂ ಮೇಷ್ಟ್ರು ಗೇಟಿನ ಆಚೆ ನಿಂತು ನೋಡುತ್ತಿದ್ದರು.

“ಎಂಜಲೇನಮ್ಮ ಅದು?”

“ಎಂಜಲಲ್ಲ ತಾತ, ಉಸಿರು. ಬಿಸಿ ಉಸಿರು ತಣ್ಣನೆ ಕೊಳವೆಗೆ ತಾಗಿ ನೀರಾಗತ್ತೆ. ಹನ್ನೆರಡು ಅಡಿ ಕೊಳವೆ ಸುರುಳಿ ಸುತ್ತಿದಾರಲ್ಲ, ಎಲ್ಲಿ ತಿರುವು ಸಿಗತ್ತೋ ಅಲ್ಲಿ ನಿಂತ್ಕೊಂಡುಬಿಡತ್ತೆ.”

ಹನ್ನೆರಡು ಅಡಿ ಅಂದದ್ದೇ ಮೇಷ್ಟ್ರು ಗೇಟು ತೆಗೆದು ಒಳಗೆ ಬಂದರು. ಮನೆಯೊಳಗಿಂದ ಇನ್ನೊಂದು ಲೋಟ ಕಾಫಿ ಬಂತು. ಆ ಬೆಳಗ್ಗೆ ಆರಂಭವಾದ ಮಾತು ದಸರಾ ರಜೆ ಮುಗಿದು ಹುಡುಗಿ ವಿಮಾನ ಹತ್ತುವವರೆಗೂ ನಡೆಯಿತು. ಅದರಲ್ಲಿ ನನಗೆ ನೆನಪಿರುವಷ್ಟನ್ನು, ನೆನಪಾದ ಕ್ರಮದಲ್ಲೇ ಹೇಳುತ್ತೇನೆ.

ಇವಳು ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಎಂಜಿನಿಯರು. ಹಗಲೆಲ್ಲ ಕಾರ್ಖಾನೆ, ವಾರಕ್ಕೊಂದು ಸಂಜೆ ಆ ಊರಿನ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಮೂರನೆಯ ಹಾರ್ನು. ನವೆಂಬರಿನಲ್ಲಿ ಬ್ರಾಮ್ಸನ ಎರಡನೆಯ ಸಿಂಫನಿ ನುಡಿಸುವುದಿದೆ, ಅಭ್ಯಾಸ ತಪ್ಪಬಾರದು ಅಂತ ವಾದ್ಯವನ್ನು ಮೈಸೂರಿಗೂ ಹೊತ್ತು ತಂದಿದ್ದಳು. ವಿಮಾನದವರು ಕೈಯಲ್ಲಿ ಇಟ್ಟುಕೊಳ್ಳಲು ಬಿಡದೆ ಕೆಳಗಿನ ಸಾಮಾನಿನ ಜೊತೆ ಹಾಕಿಸಿದರಂತೆ. ಯಾವ ವಿಮಾನ ಅನ್ನುವುದು ಬೇಡ, ವಾದ್ಯದ ಅಗಲ ಬಾಯಿಯ ಅಂಚಿನಲ್ಲಿ ಅವರೆಕಾಳಿನಷ್ಟು ಒಂದು ತಗ್ಗು ಬಿದ್ದಿದೆ. ಮಾತಾಡುವಾಗಲೆಲ್ಲ ಆ ತಗ್ಗಿನ ಮೇಲೆ ಅವಳ ಹೆಬ್ಬೆರಳು ಓಡಾಡುತ್ತಿತ್ತು. ಮಗುವಿನ ಹಣೆಗಾದ ಗಾಯವನ್ನು ತಾಯಿ ಸವರುತ್ತಾಳಲ್ಲ, ಹಾಗೆ.

ಮೇಷ್ಟ್ರು ವಾದ್ಯ ನೋಡಿದ್ದು ಸ್ವಲ್ಪ ಹೊತ್ತು. ಆಮೇಲೆ ಅವರ ಕಣ್ಣು ಸ್ಟ್ಯಾಂಡಿನ ಮೇಲಿದ್ದ ಸ್ವರಲಿಪಿಯ ಪುಸ್ತಕಕ್ಕೆ ಹೋಯಿತು. ಐವತ್ತು ವರ್ಷ ನಾಟಕ, ಗಮಕ, ಭಜನೆ ಅಂತ ಪೆಟ್ಟಿಗೆ ನುಡಿಸಿದವರು. ಬ್ಯಾಂಡಿನವರ ಸಹವಾಸದಿಂದ ಸ್ಟಾಫ್ ನೊಟೇಶನ್ ಕೂಡ ಅಷ್ಟಿಷ್ಟು ಓದುತ್ತಾರೆ. ಪುಟದ ಎಡ ಮೂಲೆಯ ಮೇಲೆ ಬೆರಳಿಟ್ಟು, “ಇಲ್ಲಿ ಡಿ ಅಂತಿದೆ, ಇಲ್ಲಿ ನೋಡಿದರೆ ಎಚ್ ಅಂತಿದೆ. ಇಂಗ್ಲಿಷಿನವರ ಸ್ವರ ಎಯಿಂದ ಜೀವರೆಗೆ ಅಲ್ಲವೇನಮ್ಮ? ಇದ್ಯಾವುದು ಎಚ್?” ಅಂದರು.

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಜರ್ಮನರು ಬಿ ಫ್ಲಾಟಿಗೆ ಬಿ ಅನ್ನುತ್ತಾರೆ, ಬರೀ ಬಿಗೆ ಎಚ್ ಅನ್ನುತ್ತಾರೆ. ಇದನ್ನು ತಿಳಿಯದ ಹೊಸಬರು ಮೊದಲ ದಿನವೇ ಅರ್ಧ ಸ್ವರ ತಪ್ಪಿ ಬೀಳುತ್ತಾರಂತೆ. ಬ್ರಾಮ್ಸನ ಆ ಸಿಂಫನಿಯ ಎರಡನೆಯ ಭಾಗ ಬಿ ಮೇಜರ್‌ನಲ್ಲಿದೆ, ಅದಕ್ಕೇ ಹಾರ್ನಿನವರಿಗೆ ಎಚ್. ಆದರೆ ಮೇಷ್ಟ್ರ ನಿಜವಾದ ಕುತೂಹಲ ಅಕ್ಷರದ್ದಲ್ಲ. ವಾದ್ಯ ಒಂದೇ, ನುಡಿಸುವವಳು ಒಬ್ಬಳೇ. ಪುಟ ತಿರುವಿದರೆ ಅಕ್ಷರ ಯಾಕೆ ಬದಲಾಗಬೇಕು?

“ತಾತ, ಅದು ನಿಮ್ಮ ಮನೆ ಇದ್ದ ಹಾಗೆ” ಅಂದಳು.

ನಮ್ಮ ಸಂಗೀತದಲ್ಲಿ ಶ್ರುತಿಗೆ ಮನೆ ಅನ್ನುತ್ತೇವಲ್ಲ, ಆ ಮನೆ. ಹಾರ್ಮೋನಿಯಂನಲ್ಲಿ ಸಿ ಒಂದು ಮನೆ, ಡಿ ಎರಡು, ಇ ಮೂರು, ಎಫ್ ನಾಲ್ಕು, ಜಿ ಐದು. ನಡುವಿನ ಕರಿ ಪಟ್ಟಿಗಳು ಒಂದೂವರೆ, ಎರಡೂವರೆ, ನಾಲ್ಕೂವರೆ. ಗಂಡಸರು ಹೆಚ್ಚಾಗಿ ಒಂದು, ಎರಡರ ಸುತ್ತ ಹಾಡುತ್ತಾರೆ. ಹೆಂಗಸರು ಐದರ ಸುತ್ತ. ಆದರೆ ಕೃತಿಯನ್ನು ಬರೆದಿಡುವಾಗ ಯಾರಾದರೂ ಮನೆ ಬರೆಯುತ್ತಾರೆಯೆ? ಸರಿಗಮ ಅಂತಲೇ ಬರೆಯುತ್ತೇವೆ. ಒಂದು ಮನೆಯವರಿಗೂ ಅದೇ ಸ, ಐದು ಮನೆಯವರಿಗೂ ಅದೇ ಸ. ಹಳೆಯ ಹಾರ್ನಿನ ಲಿಪಿಯೂ ಹೀಗೇ ಇತ್ತು. ಪುಟದ ಮೇಲಿನ ಸಿ ಅನ್ನುವುದು ಸಿ ಅಲ್ಲ, ಅದು ಷಡ್ಜ. ಮೂಲೆಯ ಅಕ್ಷರ ಮನೆಯ ನಂಬರು. ಡಿ ಅಂದರೆ ಎರಡು ಮನೆಯ ಹಾರ್ನು. ಇ ಫ್ಲಾಟ್ ಅಂದರೆ ಎರಡೂವರೆ. ಎಚ್ ಅಂದರೆ ಏಳು.

ಮೇಷ್ಟ್ರ ಮುಖ ಅರಳಿತು. “ಹಾಗಾದರೆ ಇದು ಸರಿಗಮವೇ ಬಿಡು” ಅಂದರು.

ಸರಿಗಮವೇ. ಅದಕ್ಕಿಂತ ಹಳೆಯದು ಅಂತಲೂ ಹೇಳಬಹುದು, ಯಾಕೆಂದರೆ ಈ ಸರಿಗಮವನ್ನು ಯಾವ ಮನುಷ್ಯನೂ ಗೊತ್ತುಮಾಡಲಿಲ್ಲ. ಒಂದು ಉದ್ದನೆ ಕೊಳವೆಗೆ ತುಟಿಯಿಟ್ಟು ಊದಿ ನೋಡಿ. ತೂತುಗಳಿಲ್ಲ, ಗುಂಡಿಗಳಿಲ್ಲ, ತುಟಿಯ ಬಿಗಿ ಒಂದೇ. ಬಿಗಿ ಹೆಚ್ಚಿಸುತ್ತ ಹೋದರೆ ಮೊದಲು ಷಡ್ಜ, ಅದರ ಮೇಲಿನ ಷಡ್ಜ, ಆಮೇಲೆ ಪಂಚಮ, ಮತ್ತೆ ಷಡ್ಜ, ಐದನೆಯದು ಅಂತರ ಗಾಂಧಾರ, ಆರನೆಯದು ಪಂಚಮ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಯಾರೂ ಮೀಟದ ಒಂದು ಗಾಂಧಾರ ಮೇಲೆ ತೇಲುತ್ತದಲ್ಲ? ಅದೇ ಗಾಂಧಾರ ಇದು, ಅದೇ ಐದನೆಯ ಮೆಟ್ಟಿಲು. ಏಳನೆಯದು ನಿಷಾದ, ಆದರೆ ನಮ್ಮ ಕೈಶಿಕಿಗಿಂತಲೂ ಒಂದಿಷ್ಟು ಕೆಳಗೆ. ಎಂಟಕ್ಕೆ ಮತ್ತೆ ಷಡ್ಜ, ಒಂಬತ್ತಕ್ಕೆ ರಿಷಭ, ಹತ್ತಕ್ಕೆ ಗಾಂಧಾರ. ಹನ್ನೊಂದನೆಯದು ಮಧ್ಯಮ. ಅದರ ವಿಚಾರ ಕೊನೆಗೆ ಹೇಳುತ್ತೇನೆ, ಮರೆಯದೆ.

ನಮ್ಮ ಜಾತ್ರೆಗಳಲ್ಲಿ ತೇರಿನ ಮುಂದೆ ಊದುವ ಕೊಂಬು ಇದೆಯಲ್ಲ, ಅದೂ ಈ ಕುಲದ್ದೇ. ಚಿಕ್ಕಂದಿನಲ್ಲಿ ಕೊಂಬಿನವನು ಕೆನ್ನೆ ಉಬ್ಬಿಸಿ ಕತ್ತು ಹಿಂದಕ್ಕೆ ಹಾಕಿ ಊದಿದಾಗ, ಆ ಸ್ವರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರದೆ ನೆಗೆಯುತ್ತಿದ್ದದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ನೆಗೆಯದೆ ಬೇರೆ ದಾರಿ ಅದಕ್ಕಿಲ್ಲ. ಯುರೋಪಿನ ಹಾರ್ನು ಕೂಡ ಬೇಟೆಗಾರರು ಕುದುರೆಯ ಮೇಲೆ ಹೆಗಲಿಗೆ ಹಾಕಿಕೊಂಡು ಊದುತ್ತಿದ್ದ ವಾದ್ಯ. ಅಲ್ಲಿಂದ ಅದು ಸಂಗೀತದ ಮನೆಯೊಳಗೆ ಬಂದಾಗ ಒಂದು ತೊಂದರೆ ಬಂತು: ಬೇಟೆಗೆ ಒಂದೇ ಶ್ರುತಿ ಸಾಕು, ಆರ್ಕೆಸ್ಟ್ರಾಗೆ ಸಾಲದು. ಇವತ್ತು ಡಿಯಲ್ಲಿ ಸಿಂಫನಿ, ನಾಳೆ ಇ ಫ್ಲಾಟ್‌ನಲ್ಲಿ. ಕೊಳವೆಯ ಉದ್ದ ಬದಲಾಗದೆ ಷಡ್ಜ ಬದಲಾಗುವುದಿಲ್ಲ. ಆದ್ದರಿಂದ ಹಾರ್ನಿನವನು ಒಂದು ಪೆಟ್ಟಿಗೆಯ ತುಂಬ ಬೇರೆಬೇರೆ ಉದ್ದದ ಸುರುಳಿ ಕೊಳವೆಗಳನ್ನು ಇಟ್ಟುಕೊಂಡು, ಬೇಕಾದ ಮನೆಗೆ ಬೇಕಾದ ಸುರುಳಿ ಸಿಕ್ಕಿಸಿಕೊಳ್ಳುತ್ತಿದ್ದ. ಅದಕ್ಕೆ ಕ್ರುಕ್ ಅಂತ ಹೆಸರು. ಎಫ್‌ಗೆ ಒಟ್ಟು ಹನ್ನೆರಡು ಅಡಿ, ತಗ್ಗಿನ ಸಿಗೆ ಸುಮಾರು ಹದಿನಾರು.

“ನಮ್ಮ ಸ್ಕೇಲ್ ಚೇಂಜರ್ ಪೆಟ್ಟಿಗೆ!” ಅಂದರು ಮೇಷ್ಟ್ರು. ಹೌದು, ಪಟ್ಟಿಗಳನ್ನು ಸರಿಸಿದರೆ ಬೆರಳು ಅದೇ, ಶ್ರುತಿ ಬೇರೆ.

ಇಲ್ಲೊಂದು ಚಂದದ ಸಂಗತಿ ಹೇಳಿಬಿಡುತ್ತೇನೆ. 1772ರಲ್ಲಿ ಹೇಡನ್ ಎಸ್ಟರ್‌ಹಾಜಿ ರಾಜಕುಮಾರನ ಆಸ್ಥಾನದಲ್ಲಿದ್ದಾಗ, ಬೇಸಿಗೆ ಅರಮನೆಯಲ್ಲಿ ದಿನ ಕಳೆದರೂ ಊರಿಗೆ ಹೋಗಲು ಅಪ್ಪಣೆ ಸಿಗದೆ ಸಂಗೀತಗಾರರು ಹೆಂಡತಿ ಮಕ್ಕಳನ್ನು ನೆನೆದು ಕೊರಗುತ್ತಿದ್ದರು. ಹೇಡನ್ ಒಂದು ಸಿಂಫನಿ ಬರೆದ. ಕೊನೆಯಲ್ಲಿ ಒಬ್ಬೊಬ್ಬರಾಗಿ ನುಡಿಸುವುದು ನಿಲ್ಲಿಸಿ, ದೀಪ ಆರಿಸಿ, ಎದ್ದು ಹೋಗುತ್ತಾರೆ. ರಾಜಕುಮಾರನಿಗೆ ಅರ್ಥವಾಯಿತು ಅನ್ನುತ್ತಾರೆ. ಈ ಕಥೆ ಎಲ್ಲರೂ ಹೇಳುತ್ತಾರೆ. ಹೇಳದ ಭಾಗ ಯಾವುದು ಗೊತ್ತೆ? ಆ ಸಿಂಫನಿ ಎಫ್ ಶಾರ್ಪ್‌ನಲ್ಲಿದೆ, ಅಂದರೆ ನಾಲ್ಕೂವರೆ ಮನೆ. ಹಾರ್ನಿನವರ ಪೆಟ್ಟಿಗೆಯಲ್ಲಿ ಆ ಮನೆಯ ಕೊಳವೆಯೇ ಇರಲಿಲ್ಲ. ಅರ್ಧ ಸ್ವರ ಬದಲಿಸುವ ವಿಶೇಷ ಸುರುಳಿಗಳನ್ನು ಅದಕ್ಕಾಗಿಯೇ ಮಾಡಿಸಬೇಕಾಯಿತು. ಮಾಡಿಸಿಕೊಟ್ಟು ನುಡಿಸಿದ್ದಾದ ಮೇಲೆ, ಕೊನೆಯಲ್ಲಿ ಮೊದಲು ಎದ್ದುಹೋಗುವ ಇಬ್ಬರಲ್ಲಿ ಒಬ್ಬ ಎರಡನೆಯ ಹಾರ್ನಿನವನು. ಹೊಸ ಸುರುಳಿ ಕೈಯಲ್ಲಿ ಹಿಡಿದು ಊರ ದಾರಿ ನೆನೆಯುತ್ತ ಎದ್ದ ಆ ಮನುಷ್ಯನನ್ನು ನಾನು ಎಷ್ಟೋ ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೆ.

ಸುರುಳಿ ಬದಲಿಸಿದರೂ ನಡುವಿನ ಸ್ವರಗಳು ಖಾಲಿಯೇ. ಸ ಪ ಸ ಗ ಪ, ಇಷ್ಟರಲ್ಲಿ ಎಷ್ಟು ಹೊತ್ತು ಹಾಡುತ್ತೀರಿ? ಡ್ರೆಸ್ಡೆನ್ನಿನ ಹ್ಯಾಂಪೆಲ್ ಅನ್ನುವವನು 1750ರ ಸುಮಾರಿಗೆ ಇದಕ್ಕೊಂದು ದಾರಿ ತೋರಿಸಿದ. ಹಾರ್ನಿನ ಅಗಲ ಬಾಯಿಯೊಳಗೆ ಬಲಗೈ ಇಟ್ಟು ಅಂಗೈ ಒಂದಿಷ್ಟು ಮುಚ್ಚಿದರೆ ಸ್ವರ ಇಳಿಯುತ್ತದೆ. ಮುಚ್ಚುತ್ತ ತೆರೆಯುತ್ತ ನಡುವಿನ ಸ್ವರಗಳನ್ನೆಲ್ಲ ಕೈಯಿಂದಲೇ ಹುಟ್ಟಿಸಬಹುದು. ತೆರೆದ ಸ್ವರ ಬಿಸಿಲಿನಂತೆ, ಮುಚ್ಚಿದ ಸ್ವರ ಬಾಗಿಲ ಹಿಂದೆ ನಿಂತು ಮಾತಾಡಿದಂತೆ. ಒಂದೇ ಸಾಲಿನಲ್ಲಿ ಬೆಳಕು ನೆರಳು ಎರಡೂ. ಇವತ್ತಿಗೂ ಹಾರ್ನಿನವರು ಬಲಗೈಯನ್ನು ಬಾಯಿಯೊಳಗೇ ಇಟ್ಟು ಕೂರುವುದು, ವಾಲ್ವುಗಳನ್ನು ಎಡಗೈಯಲ್ಲಿ ಒತ್ತುವುದು ಆ ಹಳೆಯ ಅಭ್ಯಾಸದಿಂದಲೇ. ವಾಲ್ವ್ ಬರುವ ಹೊತ್ತಿಗೆ ಬಲಗೈಗೆ ಕೆಲಸ ಇತ್ತಲ್ಲ!

ಆ ಕೈಯ ವಿದ್ಯೆಯಲ್ಲಿ ಎಲ್ಲರಿಗಿಂತ ದೊಡ್ಡವನು ಅಂತ ಹೆಸರಾದವನು ಜೊವಾನಿ ಪುಂಟೊ. ಹೆಸರು ಇಟಲಿಯದು, ಮನುಷ್ಯ ಬೊಹೀಮಿಯಾದವನು, ನಿಜವಾದ ಹೆಸರು ಯಾನ್ ಸ್ಟಿಖ್. ಒಬ್ಬ ಕೌಂಟನ ಆಳಾಗಿದ್ದವನು. ವಿದ್ಯೆ ಕಲಿಸಿದ್ದೂ ಆ ಯಜಮಾನನೇ. ಇವನು ಓಡಿಹೋದಾಗ ಯಜಮಾನ ಸೈನಿಕರನ್ನು ಕಳಿಸಿದ. ಹಿಡಿದು ತರುವುದಾಗದಿದ್ದರೆ ಮುಂದಿನ ಹಲ್ಲು ಉದುರಿಸಿ ಬನ್ನಿ, ಇನ್ನೆಲ್ಲೂ ಊದಬಾರದು ಅಂತ ಆಜ್ಞೆಯಾಗಿತ್ತಂತೆ. ಎಂಥ ಕ್ರೂರ ಮನಸ್ಸು! ಹಲ್ಲು ಉಳಿಯಿತು, ಗಡಿ ದಾಟಿದ, ಹೆಸರು ಬದಲಿಸಿಕೊಂಡ. 1800ರಲ್ಲಿ ವಿಯೆನ್ನಾಕ್ಕೆ ಬಂದಾಗ ಬೀಥೋವನ್ ಅವನಿಗಾಗಿ ಹಾರ್ನ್ ಸೊನಾಟಾ ಬರೆದು ತಾನೇ ಪಿಯಾನೋಗೆ ಕೂತ. ಎಫ್‌ನಲ್ಲಿ, ನಾಲ್ಕು ಮನೆ. ಆ ಹಲ್ಲುಗಳನ್ನು ನೆನೆಸಿಕೊಂಡು ಒಮ್ಮೆ ಆ ಸೊನಾಟಾ ಕೇಳಿ ನೋಡಿ.

ವಾಲ್ವ್ ಬಂದದ್ದು ಆಮೇಲೆ. 1814ರ ಸುಮಾರಿಗೆ ಹೈನ್ರಿಖ್ ಸ್ಟೋಲ್ಜೆಲ್ ಅನ್ನುವ ಹಾರ್ನ್ ವಾದಕನೇ ಅದನ್ನು ಕಂಡುಹಿಡಿದ. 1818ರಲ್ಲಿ ಬ್ಲೂಮೆಲ್ ಅನ್ನುವವನ ಜೊತೆ ಪೇಟೆಂಟ್ ಆಯಿತು. ಬೆರಳು ಒತ್ತಿದರೆ ಒಳಗೆ ಇನ್ನೊಂದು ಕೊಳವೆ ಕೂಡಿಕೊಳ್ಳುತ್ತದೆ, ಅಷ್ಟೇ ಉಪಾಯ. ಸುರುಳಿಗಳ ಪೆಟ್ಟಿಗೆ ಹೊರುವುದು ತಪ್ಪಿತು. ವಾದಕರು ನಿಧಾನವಾಗಿ ಎಫ್ ಹಾರ್ನಿನಲ್ಲಿ, ನಮ್ಮ ನಾಲ್ಕು ಮನೆಯಲ್ಲಿ, ನೆಲೆ ನಿಂತರು. ಆದರೆ ಕೃತಿಗಳು? ಅವು ಹಳೆಯ ಮನೆಗಳಲ್ಲೇ ಉಳಿದವು. ಹೇಡನ್, ಮೊಜಾರ್ಟ್, ಬೀಥೋವನ್ನರ ಪುಟಗಳಲ್ಲಿ ಡಿ, ಇ ಫ್ಲಾಟ್, ಜಿ, ಎ, ಎಲ್ಲ ಹಾಗೇ ಇವೆ. ವಾಲ್ವ್ ಬಂದ ಮೇಲೂ ಬ್ರಾಮ್ಸ್ ಹಳೆಯ ರೀತಿಯಲ್ಲೇ ಬರೆದ. ವಾಗ್ನರನ ಲೋಹೆನ್‌ಗ್ರಿನ್‌ನಲ್ಲಂತೂ ಕೆಲವೇ ಸಾಲಿಗೊಂದು ಮನೆ ಬದಲಾಗುತ್ತದೆ.

ಹೀಗಾಗಿ ಇವತ್ತಿನ ಹಾರ್ನಿನವಳು ನಾಲ್ಕು ಮನೆಯ ವಾದ್ಯ ಹಿಡಿದುಕೊಂಡು ಬೇರೆಯವರ ಮನೆಯ ಸರಿಗಮ ಓದಬೇಕು. ಎರಡೂವರೆ ಮನೆಯ ಷಡ್ಜ ನಾಲ್ಕು ಮನೆಯವಳಿಗೆ ಕೆಳಗಿನ ಕೈಶಿಕಿ ನಿಷಾದ. ಎರಡು ಮನೆಯ ಷಡ್ಜ ಕೆಳಗಿನ ಧೈವತ. ಒಂದು ಮನೆಯದು ಕೆಳಗಿನ ಪಂಚಮ. ಐದು ಮನೆಯದಾದರೆ ಮೇಲಿನ ರಿಷಭ. ಇದನ್ನು ಲೆಕ್ಕ ಹಾಕುತ್ತ ಕೂರಲು ಪುರುಸೊತ್ತಿಲ್ಲ, ಕೋಲು ಆಡಿಸುವವನು ಕಾಯುವುದಿಲ್ಲ. ಕಣ್ಣು ಒಂದನ್ನು ನೋಡುತ್ತಿರುವಾಗಲೇ ತುಟಿ ಇನ್ನೊಂದನ್ನು ನುಡಿಸಬೇಕು.

“ನಾಟಕದಲ್ಲಿ ನಂಗೂ ಇದೇ ಪಾಡಮ್ಮ” ಅಂದರು ಮೇಷ್ಟ್ರು. “ರಾಜಾ ಪಾರ್ಟಿಗೆ ಆವತ್ತು ನೆಗಡಿ. ರಂಗದ ಮೇಲಿಂದ್ಲೇ ಕಣ್ಣಲ್ಲಿ ಕೆಳಗೆ ಅಂತ ಸನ್ನೆ. ಅರ್ಧ ಮನೆ ಇಳಿಸಿದೆ. ಕರಿ ಪಟ್ಟಿ ಇದ್ದ ಕಡೆ ಬಿಳಿ, ಬಿಳಿ ಇದ್ದ ಕಡೆ ಕರಿ. ಆಗ ಎಲ್ಲಿತ್ತು ಸ್ಕೇಲ್ ಚೇಂಜರು? ಮೊದಲ ಸಲ ಕೈ ನಡುಗಿತು. ನೂರನೇ ಸಲ ನಡುಗಲಿಲ್ಲ.”

ಹುಡುಗಿ ಆ ಮಾತಿಗೆ ಎದ್ದು ಅವರ ಕೈ ಮುಟ್ಟಿದಳು. ಇಬ್ಬರೂ ಒಂದೇ ಕಷ್ಟ ಉಂಡವರು.

ಈಗ ನನ್ನ ಒಂದು ಹಟದ ಮಾತು. ಇಷ್ಟೆಲ್ಲ ಪಾಡು ಯಾಕೆ, ಹಳೆಯ ಕೃತಿಗಳನ್ನೆಲ್ಲ ಎಫ್ ಹಾರ್ನಿಗೆ ಇಳಿಸಿ ಹೊಸದಾಗಿ ಅಚ್ಚು ಹಾಕಿದರೆ ಆಗದೆ, ಅಂತ ಕೇಳುವವರಿದ್ದಾರೆ. ಹಾಗೆ ಅಚ್ಚಾದ ಪುಟಗಳೂ ಸಿಗುತ್ತವೆ. ಇವಳ ಆರ್ಕೆಸ್ಟ್ರಾದಲ್ಲಿ ಪಕ್ಕ ಕೂರುವವರೊಬ್ಬರು ಅವನ್ನೇ ತರುತ್ತಾರಂತೆ, ಬಿಡುವಿನ ಹೊತ್ತಿನಲ್ಲಿ ಇಬ್ಬರಿಗೂ ಇದರ ಮೇಲೇ ವಾದವಂತೆ. ಕಲಿಯುವ ಮಕ್ಕಳಿಗೆ ಅದರಿಂದ ಅನುಕೂಲ, ಒಪ್ಪಿದೆ. ಸ್ವರ ತಪ್ಪುವುದು ಕಡಿಮೆ, ಅದನ್ನೂ ಒಪ್ಪಿದೆ. ಆದರೂ ನನ್ನ ಮನಸ್ಸು ಹಳೆಯ ಅಕ್ಷರಗಳ ಕಡೆಗೇ. ಯಾಕೆ ಅಂತೀರೋ? ಮೂಲೆಯಲ್ಲಿ ಡಿ ಅಂತ ಕಂಡರೆ ಅದು ಎರಡು ಮನೆಯ ಉದ್ದ ಕೊಳವೆ. ದನಿ ಗಾಢ, ನಿಧಾನ. ಎ ಅಂತ ಕಂಡರೆ ಗಿಡ್ಡ ಕೊಳವೆ. ದನಿ ಚುರುಕು, ಹೊಳಪು. ಬರೆದವನ ಕಿವಿಯಲ್ಲಿ ಆ ಕೊಳವೆ ಇತ್ತು. ಅಕ್ಷರ ಅಳಿಸಿದರೆ ಕೊಳವೆಯೂ ಅಳಿಸಿತು. ಅಂಗೈ ಮುಚ್ಚಿದ ಸ್ವರ ಯಾವುದು, ತೆರೆದದ್ದು ಯಾವುದು ಅನ್ನುವುದೂ ಹಳೆಯ ಪುಟದಲ್ಲಿ ಕಣ್ಣಿಗೇ ಕಾಣುತ್ತದೆ. ಸ, ಗ, ಪ ಇದ್ದರೆ ತೆರೆದದ್ದು. ನಡುವಿನದಾದರೆ ಕೈ ಆಡಿದ್ದು. ಹೊಸ ಪುಟದಲ್ಲಿ ಎಲ್ಲ ಒಂದೇ ಬಣ್ಣ.

ಎರೋಯಿಕಾ ಸಿಂಫನಿಯನ್ನೇ ತೆಗೆದುಕೊಳ್ಳಿ. ಇ ಫ್ಲಾಟ್, ಎರಡೂವರೆ ಮನೆ. ಮೊದಲ ಭಾಗದಲ್ಲಿ ಪಲ್ಲವಿ ಮತ್ತೆ ಬರುವ ಹೊತ್ತು. ಪಿಟೀಲುಗಳು ಇನ್ನೂ ಬೇರೆ ಸ್ವರಗಳಲ್ಲಿ ನಡುಗುತ್ತಿರುವಾಗಲೇ ಎರಡನೆಯ ಹಾರ್ನಿನವನು ಮುಂಚೆಯೇ ಬಂದು ಪಲ್ಲವಿ ಎತ್ತಿಬಿಡುತ್ತಾನೆ. ಮೊದಲ ರಿಹರ್ಸಲಿನಲ್ಲಿ ಬೀಥೋವನ್ನನ ಶಿಷ್ಯ ರೀಸ್, ಅವನಿಗೆ ಲೆಕ್ಕ ತಪ್ಪಿತು ಅಂತ ಗಟ್ಟಿಯಾಗಿ ಬೈದುಬಿಟ್ಟನಂತೆ. ಗುರುವಿನ ಕೈಯಲ್ಲಿ ಏಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು ಅಂತ ಅವನೇ ಬರೆದಿದ್ದಾನೆ. ಅದು ಇರಲಿ. ಆಗ ಮೊದಲ ಹಾರ್ನಿನವನು ಏನು ಮಾಡುತ್ತಿದ್ದಾನೆ? ಎರಡೂವರೆ ಮನೆಯ ಸುರುಳಿ ಕಳಚಿ ನಾಲ್ಕು ಮನೆಯದನ್ನು ಸಿಕ್ಕಿಸಿಕೊಳ್ಳುತ್ತಿದ್ದಾನೆ! ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಅದೇ ಪಲ್ಲವಿಯನ್ನು ಅವನೊಬ್ಬನೇ ಎಫ್‌ನಲ್ಲಿ ಹಾಡಬೇಕು. ಆಮೇಲೆ ಮತ್ತೆ ಹಳೆಯ ಸುರುಳಿಗೆ ಮರಳಲು ಬೀಥೋವನ್ ಬಿಡುವು ಕೊಟ್ಟಿದ್ದಾನೆ. ಕೆಲಸ ಮಾಡುವ ಕೈಯನ್ನು ನೋಡಿ ಬರೆದ ಬಿಡುವು ಅದು. ಎಫ್‌ಗೆ ಇಳಿಸಿದ ಪುಟದಲ್ಲಿ ಅದು ಬರೀ ಸುಮ್ಮನಿರುವ ಜಾಗ.

ಇನ್ನು ಹಾರ್ನಿನವರ ಹೆದರಿಕೆಯ ಮಾತು. ಎಲ್ಲ ಹಿತ್ತಾಳೆ ವಾದ್ಯಗಳಿಗಿಂತ ಇದೇ ಹೆಚ್ಚು ಜಾರುತ್ತದೆ ಅನ್ನುತ್ತಾರೆ, ಅದಕ್ಕೆ ಕಾರಣವಿದೆ. ಟ್ರಂಪೆಟಿನ ಕೊಳವೆ ನಾಲ್ಕೂವರೆ ಅಡಿ, ಹಾರ್ನಿನದು ಹನ್ನೆರಡು. ಆದರೂ ಹಾರ್ನು ಹಾಡುವ ಎತ್ತರ ಟ್ರಂಪೆಟಿನ ಹತ್ತಿರಕ್ಕೇ ಬರುತ್ತದೆ. ಅಂದರೆ ಉದ್ದ ಏಣಿಯ ತುತ್ತತುದಿಯಲ್ಲಿ ನಿಂತು ಹಾಡಿದ ಹಾಗೆ. ಕೆಳಗೆ ಮೆಟ್ಟಿಲುಗಳು ದೂರ ದೂರ, ಸ ಆದ ಮೇಲೆ ಪ. ಮೇಲೆ ಹೋದಂತೆ ಒತ್ತೊತ್ತು, ಸ ರಿ ಗ ಮ. ತುಟಿ ಕೂದಲೆಳೆಯಷ್ಟು ಸಡಿಲವಾದರೆ ಪಕ್ಕದ ಮೆಟ್ಟಿಲಿಗೆ ಬಿತ್ತು. ಅದಕ್ಕೇ ಜರ್ಮನಿಯ ಎರ್‌ಫರ್ಟಿನ ಕ್ರುಸ್ಪೆ ಕಾರ್ಖಾನೆಯವರು 1897ರ ಸುಮಾರಿಗೆ ಒಂದೇ ವಾದ್ಯದಲ್ಲಿ ಎರಡು ಹಾರ್ನು ಕೂಡಿಸಿದರು. ಹೆಬ್ಬೆರಳು ಒತ್ತಿದರೆ ಹನ್ನೆರಡು ಅಡಿಯದು ಒಂಬತ್ತಾಗುತ್ತದೆ, ನಾಲ್ಕು ಮನೆಯದು ಆರೂವರೆಯಾಗುತ್ತದೆ, ಮೆಟ್ಟಿಲುಗಳ ನಡುವೆ ಒಂದಿಷ್ಟು ಜಾಗ ಸಿಗುತ್ತದೆ. ಇವಳ ಹತ್ತಿರ ಇರುವುದೂ ಅಂಥದ್ದೇ. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನವರು ಮಾತ್ರ ಇವತ್ತಿಗೂ ಹಳೆಯ ಒಂಟಿ ಎಫ್ ಹಾರ್ನನ್ನು ಬಿಟ್ಟಿಲ್ಲ. ಅವರ ಮೇಲೆ ನನಗೆ ವಿಶೇಷ ಪ್ರೀತಿ.

ಯಾವ ಕೃತಿಗೆ ಹೆಚ್ಚು ಭಯ ಅಂತ ಕೇಳಿದೆ. ಅವಳು ಹೇಳಿದ್ದು ನಾನು ಎಣಿಸಿದ್ದಲ್ಲ. ಚೈಕೋವ್‌ಸ್ಕಿಯ ಐದನೆಯ ಸಿಂಫನಿಯಲ್ಲಿ ಹಾರ್ನಿನ ಉದ್ದನೆ ಏಕಾಂತ ಹಾಡು ಬರುತ್ತದಲ್ಲ, ಅದು ಅಂದುಕೊಂಡಿದ್ದೆ. “ಅದು ಪರವಾಗಿಲ್ಲ ಚಿಕ್ಕಪ್ಪ, ಹಾಡ್ತಾ ಹಾಡ್ತಾ ಧೈರ್ಯ ಬರತ್ತೆ. ಬಾಕ್‌ದು ಭಯ” ಅಂದಳು. ಬಾಕ್‌ನ ಬಿ ಮೈನರ್ ಮಾಸ್‌ನಲ್ಲಿ ಹಾರ್ನಿಗೆ ಇರುವುದು ಒಂದೇ ಹಾಡು. ಉಳಿದ ಹೊತ್ತೆಲ್ಲ ಹಾರ್ನಿನವನು ಸುಮ್ಮನೆ ಕೂರಬೇಕು. ತುಟಿ ತಣ್ಣಗಾಗಿದೆ, ಕೊಳವೆ ತಣ್ಣಗಾಗಿದೆ. ಆಗ ಒಮ್ಮೆಗೇ ಎದ್ದು ಎಲ್ಲರ ಮೇಲೆ ತೇಲುವ ಹಾಡು. ಮದುವೆಮನೆಯಲ್ಲಿ ಬೆಳಗಿನಿಂದ ಕೂತು, ಮುಹೂರ್ತದ ಹೊತ್ತಿಗೆ ಸರಿಯಾಗಿ ಓಲಗ ಎತ್ತುವ ನಾಗಸ್ವರದವರಿಗೆ ಇದು ಗೊತ್ತಿರುತ್ತದೆ.

ಬೀಥೋವನ್ನನ ಒಂಬತ್ತನೆಯ ಸಿಂಫನಿಯಲ್ಲಿ ಇನ್ನೊಂದು ಅಚ್ಚರಿ. ನಿಧಾನ ಭಾಗದ ದೊಡ್ಡ ಹಾಡು ಬಂದಿರುವುದು ಮೊದಲ ಕುರ್ಚಿಗಲ್ಲ, ನಾಲ್ಕನೆಯ ಕುರ್ಚಿಗೆ. ಹಾರ್ನಿನವರು ಜೋಡಿ ಜೋಡಿಯಾಗಿ ಕೂರುವವರು. ಒಂದು ಮತ್ತು ಮೂರು ಮೇಲಿನ ಸ್ವರದವರು, ಎರಡು ಮತ್ತು ನಾಲ್ಕು ಕೆಳಗಿನವರು. ಕೆಳಗಿನ ಸ್ಥಾಯಿಯಲ್ಲಿ ಅಂಗೈಯ ವಿದ್ಯೆ ಹೆಚ್ಚು ಬೇಕು. 1824ರಲ್ಲಿ ಅದನ್ನು ಅಂಗೈಯಿಂದ ನುಡಿಸಿದರೋ ಹೊಸ ವಾಲ್ವಿನಿಂದಲೋ ಅಂತ ಹಾರ್ನಿನವರು ಇಬ್ಬರು ಸೇರಿದರೆ ಸಾಕು, ಚರ್ಚೆ ಶುರು.

ಮೊಜಾರ್ಟನ ವಿಷಯ ಬಂದರೆ ಮಾತ್ರ ಎಲ್ಲರೂ ನಗುತ್ತಾರೆ. ಅವನು ಹಾರ್ನಿನ ಕೃತಿಗಳನ್ನು ಬರೆದದ್ದು ಸಾಲ್ಜ್‌ಬರ್ಗಿನಿಂದಲೂ ಪರಿಚಯವಿದ್ದ ಲೈಟ್‌ಗೆಬ್ ಅನ್ನುವವನಿಗೆ. ವಿಯೆನ್ನಾದ ಹೊರವಲಯದಲ್ಲಿ ಪುಟ್ಟ ಮನೆ ಅವನದು, ಅವನಿಗೆ ಸಾಲ ಕೊಟ್ಟವನು ಮೊಜಾರ್ಟನ ಅಪ್ಪ. ಒಂದು ಕಾನ್‌ಚರ್ಟೊದ ಮೇಲೆ 1783ರ ಮೇ 27ರ ತಾರೀಖು ಹಾಕಿ, ಕತ್ತೆ, ಎತ್ತು, ಮಂಕು ಲೈಟ್‌ಗೆಬ್‌ನ ಮೇಲೆ ಕರುಣೆ ತೋರಿದ್ದೇನೆ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಇನ್ನೊಂದನ್ನು ಕೆಂಪು, ಹಸಿರು, ನೀಲಿ, ಕಪ್ಪು ಶಾಯಿಗಳಲ್ಲಿ ಬರೆದಿದ್ದಾನೆ. ಮತ್ತೊಂದರಲ್ಲಿ ಸ್ವರಗಳ ಮೇಲೆ ಉದ್ದಕ್ಕೂ ತಮಾಷೆಯ ಬೈಗುಳ. ಇಷ್ಟ ಇಲ್ಲದವರನ್ನು ಹೀಗೆ ಬೈಯುತ್ತಾರೆಯೆ? ಬಾಲ್ಯದ ಗೆಳೆಯನನ್ನು ಕತ್ತೆ ಅನ್ನುವ ಸಲಿಗೆ ನಮ್ಮೂರ ಕಟ್ಟೆಯ ಮೇಲೂ ಇದೆ. ಆ ನಿಧಾನ ಭಾಗಗಳನ್ನು ಕೇಳಿದರೆ ಎಷ್ಟು ಪ್ರೀತಿ ಅನ್ನುವುದು ತಿಳಿಯುತ್ತದೆ. ಹೆಚ್ಚಿನವು ಎರಡೂವರೆ ಮನೆಯಲ್ಲಿವೆ.

ಬ್ರಾಮ್ಸನ ಅಪ್ಪ ಹಾರ್ನ್ ನುಡಿಸುತ್ತಿದ್ದ. ಮಗನೂ ಚಿಕ್ಕಂದಿನಲ್ಲಿ ವಾಲ್ವಿಲ್ಲದ ಹಾರ್ನ್ ಕಲಿತಿದ್ದ. 1865ರಲ್ಲಿ ತಾಯಿ ತೀರಿಕೊಂಡ ವರ್ಷ ಅವನು ಪಿಯಾನೋ, ಪಿಟೀಲು, ಹಾರ್ನುಗಳ ಟ್ರಿಯೋ ಬರೆದಾಗ, ವಾಲ್ವ್ ಎಲ್ಲೆಡೆ ಬಂದಿದ್ದರೂ ಹಳೆಯ ಹಾರ್ನನ್ನೇ ಕೇಳಿದ. ಮತ್ತೆ ಎರಡೂವರೆ ಮನೆ. ಅವನ ಮೊದಲ ಸಿಂಫನಿಯ ಕೊನೆಯ ಭಾಗದಲ್ಲಿ ಹಾರ್ನು ಎತ್ತುವ ಹಾಡನ್ನು 1868ರಲ್ಲೇ ಕ್ಲಾರಾ ಶೂಮನ್‌ಳ ಹುಟ್ಟುಹಬ್ಬಕ್ಕೆ ಸ್ವಿಸ್ ಬೆಟ್ಟಗಳಿಂದ ಬರೆದು ಕಳಿಸಿದ್ದ. ಸಿಂಫನಿ ಹೊರಬಂದದ್ದು 1876ರಲ್ಲಿ. ಆ ಹಾಡಿನಲ್ಲಿ ಒಂದು ಗುಟ್ಟಿದೆ: ಮೊದಲ ಹಾರ್ನಿನವನು ಉಸಿರೆಳೆದುಕೊಳ್ಳುವ ಹೊತ್ತಿಗೆ ಎರಡನೆಯವನು ಅದೇ ಸ್ವರವನ್ನು ಹಿಡಿದಿರುತ್ತಾನೆ. ಕೇಳುವವರಿಗೆ ಒಂದೇ ಉಸಿರು. ನಾಗಸ್ವರದ ಹಿಂದೆ ಶ್ರುತಿಯವನು ನಿಂತ ಹಾಗೆ, ಒಬ್ಬರ ಉಸಿರಿಗೆ ಇನ್ನೊಬ್ಬರು.

ಅಪ್ಪ, ಮಗ ಅಂದಾಗ ಇನ್ನೊಂದು ಮನೆಯ ಕಥೆ ಬಂತು, ಅದು ನಮ್ಮ ಊರಿಗೇ ಬಂದು ಮುಟ್ಟುತ್ತದೆ. ಫ್ರಾಂಜ್ ಸ್ಟ್ರಾಸ್ ಮ್ಯೂನಿಕ್ ಆಸ್ಥಾನದ ಮೊದಲ ಹಾರ್ನ್ ವಾದಕ. ವಾಗ್ನರನ ಸಂಗೀತ ಕಂಡರೆ ಅವನಿಗೆ ಆಗದು. ಆದರೂ ಟ್ರಿಸ್ಟನ್, ಮೈಸ್ಟರ್‌ಸಿಂಗರ್ ಮೊದಲ ಪ್ರದರ್ಶನಗಳಲ್ಲಿ ಹಾರ್ನ್ ನುಡಿಸಿದವನು ಅವನೇ, ವಾಗ್ನರನೂ ತಲೆದೂಗುವ ಹಾಗೆ. ಅವನ ಮಗ ರಿಚರ್ಡ್. ತೊಟ್ಟಿಲಿನಲ್ಲಿದ್ದಾಗಿನಿಂದ ಹಾರ್ನ್ ಕೇಳಿ ಬೆಳೆದವನು; ಹತ್ತೊಂಬತ್ತು ತುಂಬುವುದರೊಳಗೆ ಹಾರ್ನ್ ಕಾನ್‌ಚರ್ಟೊ ಬರೆದ, ಎಪ್ಪತ್ತೆಂಟರಲ್ಲಿ ಇನ್ನೊಂದು ಬರೆದ. 1948ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಕೊನೆಯ ಹಾಡುಗಳು. ಅದರಲ್ಲಿ ‘ಸೆಪ್ಟೆಂಬರ್’ ಅನ್ನುವುದು ತೋಟದಲ್ಲಿ ಬೇಸಿಗೆ ಕಣ್ಣು ಮುಚ್ಚುವ ಹಾಡು. ಗಾಯಕಿ ಹಾಡಿ ನಿಲ್ಲಿಸುತ್ತಾಳೆ. ಕೊನೆಯ ಮಾತು ಹಾರ್ನಿನದು. ಮುದುಕ ಮಗನಿಗೆ ಆಗ ಅಪ್ಪನ ದನಿ ಕೇಳಿಸಿರಬೇಕು ಅಂತ ನಾನು ನಂಬಿದ್ದೇನೆ.

ಆ ಹಾಡುಗಳನ್ನು ಅವನು ಕೇಳಲಿಲ್ಲ, 1949ರ ಸೆಪ್ಟೆಂಬರಿನಲ್ಲೇ ತೀರಿಕೊಂಡ. ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಕರ್ಸ್ಟನ್ ಫ್ಲ್ಯಾಗ್‌ಸ್ಟಾಡ್. ಕೋಲು ಹಿಡಿದವನು ಫುರ್ಟ್‌ವೆಂಗ್ಲರ್, ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ. ಆ ಕಛೇರಿಗೆ 4,800 ಡಾಲರಿನ ಹೊಣೆ ಹೊತ್ತವರು ಯಾರು? ನಮ್ಮ ಜಯಚಾಮರಾಜ ಒಡೆಯರು! ಹೋಗಿ ಕೇಳಲು ಅವರಿಗೆ ಆಗಲಿಲ್ಲ. ಧ್ವನಿಮುದ್ರಣ ಮಾಡಿಸಿ ಮೈಸೂರಿಗೆ ತರಿಸಿಕೊಂಡರು. ಅರಮನೆಯಲ್ಲಿದ್ದ ಸುಮಾರು 20,000 ತಟ್ಟೆಗಳ ಜೊತೆ ಅದೂ ಸೇರಿತು. ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿ ರಚಿಸಿದ ಅರಸರು, ಜರ್ಮನ್ ಮುದುಕನೊಬ್ಬನ ಕೊನೆಯ ಹಾರ್ನಿನ ದನಿಗೆ ಕಿವಿಗೊಟ್ಟು ಕೂತ ಚಿತ್ರ ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ನಮ್ಮ ಜಗಲಿಯಿಂದ ಅರಮನೆ ಎರಡು ಮೈಲಿ ದೂರವೂ ಇಲ್ಲ.

ಫಿಲ್‌ಹಾರ್ಮೋನಿಯಾದ ಮೊದಲ ಹಾರ್ನು ಆ ಕಾಲದಲ್ಲಿ ಡೆನಿಸ್ ಬ್ರೇನ್. ಮೊಜಾರ್ಟನ ಕಾನ್‌ಚರ್ಟೊಗಳನ್ನು 1953ರಲ್ಲಿ ಅವನು ನುಡಿಸಿದ ಹಾಗೆ ಇನ್ನೊಬ್ಬರು ನುಡಿಸಿಲ್ಲ ಅನ್ನುವವರು ಬಹಳ, ಅವರಲ್ಲಿ ನಾನೂ ಒಬ್ಬ. 1956ರಲ್ಲಿ ಹಾಫ್‌ನಂಗ್‌ನ ಹಾಸ್ಯ ಸಂಗೀತೋತ್ಸವದಲ್ಲಿ ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಮೇಲೆ, ಮೊಜಾರ್ಟನ ಅಪ್ಪನ ಕೃತಿ ನುಡಿಸಿ ಸಭೆಯನ್ನು ನಗಿಸಿದವನೂ ಅವನೇ. ಕೊಳವೆ ಕೊಳವೆಯೇ ಅಲ್ಲವೆ! ಮಾರನೆಯ ವರ್ಷ, 1957ರ ಸೆಪ್ಟೆಂಬರ್ 1ರಂದು, ಎಡಿನ್‌ಬರೊದಲ್ಲಿ ಕಛೇರಿ ಮುಗಿಸಿ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಮನೆಗೆ ಬರುವಾಗ ಅಪಘಾತದಲ್ಲಿ ಹೋದ. ಮೂವತ್ತಾರು ವಯಸ್ಸು. ಇದನ್ನು ಹುಡುಗಿ ಹೇಳುವಾಗ ಅವಳ ಹೆಬ್ಬೆರಳು ಮತ್ತೆ ಆ ತಗ್ಗಿನ ಮೇಲೆ ಹೋಯಿತು.

ಅವನಿಗಾಗಿ ಬ್ರಿಟನ್ 1943ರಲ್ಲಿ ಬರೆದ ಸೆರೆನೇಡ್ ಒಂದಿದೆ. ಅದರ ಮೊದಲಿಗೂ ಕೊನೆಗೂ ಹಾರ್ನು ಒಂದೇ ನುಡಿಯುತ್ತದೆ, ವಾಲ್ವ್ ಮುಟ್ಟದೆ. ಕೊಳವೆ ಏನು ಕೊಡುತ್ತದೋ ಅದೇ ಸ್ವರ, ತಿದ್ದಬಾರದು.

ಹೊರಡುವ ಹಿಂದಿನ ಸಂಜೆ ಮೇಷ್ಟ್ರು ಪೆಟ್ಟಿಗೆ ಹೊರಿಸಿಕೊಂಡು ಬಂದರು. ಜಮಖಾನ ಹಾಸಿ ಕೂತು ನಾಲ್ಕು ಮನೆಗೆ ಷಡ್ಜ ಹಿಡಿದರು. ಅವಳು ಎಡಗೈ ಬೆರಳುಗಳನ್ನು ವಾಲ್ವಿನಿಂದ ಮೇಲೆತ್ತಿ ಬಲಗೈಯನ್ನು ಬಾಯಿಯಿಂದ ಒಂದಿಷ್ಟು ಹೊರಗೆಳೆದಳು. ಸ. ಪ. ಸ. ಬೀದಿಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿದ. ಗ ಬಂದಾಗ ಮೇಷ್ಟ್ರು ಕತ್ತೆತ್ತಿ, “ಇದು ತಂಬೂರಿಯ ಗಾಂಧಾರ. ನನ್ನ ಪೆಟ್ಟಿಗೆಯದು ಇದಕ್ಕಿಂತ ಚೂರು ಮೇಲೆ” ಅಂದರು. ನಿಜ, ಹಾಗೇ ಇದೆ. ಪ, ಆ ತಗ್ಗಿನ ನಿ, ಸ, ರಿ, ಗ.

ಆಮೇಲೆ ಹನ್ನೊಂದನೆಯದು, ನಾನು ಮೊದಲೇ ಹೇಳಿದ್ದ ಮಧ್ಯಮ. ಅವಳು ಅದನ್ನು ಹಿಡಿದು ನಿಲ್ಲಿಸಿದಳು. ಮೇಷ್ಟ್ರು ಶುದ್ಧ ಮಧ್ಯಮದ ಪಟ್ಟಿ ಒತ್ತಿದರು. ಅಲ್ಲ. ಪ್ರತಿ ಮಧ್ಯಮ ಒತ್ತಿದರು. ಅದೂ ಅಲ್ಲ. ಅವಳು ಉಸಿರು ತೆಗೆದುಕೊಂಡು ಮತ್ತೆ ಅದೇ ಸ್ವರ ಊದಿದಳು. ಮೇಷ್ಟ್ರು ಎರಡು ಪಟ್ಟಿಗಳ ನಡುವಿನ ಗೆರೆಯ ಮೇಲೆ ಬೆರಳಿಟ್ಟು, ಒತ್ತದೆ, ಕಣ್ಣು ಮುಚ್ಚಿ ಕೂತರು.